ಲಂಬರೇಖೆಯ ಪಾಠ: ಹಳೆಯ ವಿದ್ಯಾರ್ಥಿಯ ನೆನಪು

ಜುಲೈ ತಿಂಗಳ ಮಡಿಕೇರಿ ಮಳೆ ಶೀಟಿನ ಮಾಡಿಗೆ ಬಡಿಯುವಾಗ ಮೇಷ್ಟ್ರ ಮಾತು ಎರಡನೇ ಬೆಂಚು ದಾಟುತ್ತಿರಲಿಲ್ಲ. ಹಾಗಾಗಿ ನಮ್ಮ ಗಣಿತದ ಮೇಷ್ಟ್ರು ಬಾಯಿಗಿಂತ ಬೋರ್ಡನ್ನೇ ನಂಬಿದ್ದರು. ಪಿಯುಸಿ ಮೊದಲ ವರ್ಷದ ಸರಳರೇಖೆಗಳ ಪಾಠವನ್ನು ಅವರು ಆ ತಿಂಗಳಲ್ಲೇ ಎತ್ತಿಕೊಳ್ಳುತ್ತಿದ್ದರು. ಒಂದು ಹಂತವೂ ಬಿಡದೆ ಬರೆದರೆ ಮಾತಿಲ್ಲದೆಯೂ ನಡೆಯುವ ಪಾಠ ಅದು. ಒಂದು ರೇಖೆಗೆ ಲಂಬವಾದ ಇನ್ನೊಂದು ರೇಖೆಯ ಸಮೀಕರಣ ಕಂಡುಹಿಡಿಯುವುದನ್ನು ಅವರು ಕಲಿಸಿದ ಕ್ರಮ ಈಗ ಓದುತ್ತಿರುವ ತಮ್ಮ ತಂಗಿಯರಿಗೂ ಸಿಗಲಿ ಎಂದು ಬರೆಯುತ್ತಿದ್ದೇನೆ.

‘ಇಳಿಜಾರುಗಳ ಗುಣಲಬ್ಧ −1’ ಎಂಬ ಸೂತ್ರವನ್ನು ಅವರು ಮೊದಲ ದಿನ ಬರೆಯಲೇ ಇಲ್ಲ. ಬೋರ್ಡಿನ ಮೇಲೆ ಒಂದು ಲಂಬಕೋನ ತ್ರಿಭುಜ ಬಿಡಿಸಿದರು: ಬಲಕ್ಕೆ 4, ಮೇಲಕ್ಕೆ 3. ಕರ್ಣದ ಇಳಿಜಾರು 3/4. ಅದೇ ಅಳತೆಗೆ ಕತ್ತರಿಸಿದ ರಟ್ಟಿನ ತ್ರಿಭುಜವನ್ನು ಅದರ ಮೇಲಿಟ್ಟು, ಕರ್ಣ ಶುರುವಾಗುವ ಎಡತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಿದರು. ಬಲಕ್ಕೆ ಮಲಗಿದ್ದ 4 ಎದ್ದು ನಿಂತಿತು. ನಿಂತಿದ್ದ 3 ಎಡಕ್ಕೆ ಮಲಗಿತು. ಎಡಕ್ಕೆ ಅಂದರೆ −3. ಹೊಸ ಇಳಿಜಾರು −4/3. ಅಂಶ ಛೇದ ಅದಲುಬದಲಾಗುವುದು, ಚಿಹ್ನೆ ಬದಲಾಗುವುದು ಎರಡೂ ಒಂದೇ ತಿರುವಿನಲ್ಲಿ ಕಂಡವು. ಹೀಗೆ ಕೈಯಾರೆ ತಿರುಗಿಸಿ ನೋಡಿದವರು ಎರಡರಲ್ಲಿ ಯಾವುದನ್ನೂ ಮರೆಯುವುದಿಲ್ಲ. ಬರೀ ಬಾಯಿಪಾಠ ಮಾಡಿದವರೇ ಪರೀಕ್ಷೆಯಲ್ಲಿ 4/3 ಎಂದೋ −3/4 ಎಂದೋ ಬರೆದು ಬರುವುದು.

ಸಾಧನೆ ಕೇಳಿದವರಿಗೆ ಪೈಥಾಗೊರಸ್ ಪ್ರಮೇಯ ಸಾಕು. ಮೂಲಬಿಂದುವಿನ ಮೂಲಕ ಹೋಗುವ, ಎಂ ಮತ್ತು ಎನ್ ಇಳಿಜಾರಿನ ಎರಡು ರೇಖೆಗಳ ಮೇಲೆ (1, ಎಂ) ಮತ್ತು (1, ಎನ್) ಬಿಂದುಗಳನ್ನು ಗುರುತಿಸಿ. ನಡುವೆ ಲಂಬಕೋನವಿದ್ದರೆ (1 + ಎಂ²) + (1 + ಎನ್²) = (ಎಂ − ಎನ್)². ಬಿಡಿಸಿದಾಗ ವರ್ಗಗಳು ಹೊಡೆದುಹೋಗಿ ಎಂ × ಎನ್ = −1 ಉಳಿಯುತ್ತದೆ.

ಈಗ ಲೆಕ್ಕ. ರೇಖೆ 3ಎಕ್ಸ್ − 4ವೈ + 8 = 0. ಇದಕ್ಕೆ ಲಂಬವಾಗಿ (6, −1) ಬಿಂದುವಿನ ಮೂಲಕ ಹೋಗುವ ರೇಖೆ ಬೇಕು. ಮೊದಲು ವೈ ಒಂದನ್ನೇ ಒಂದು ಕಡೆಗೆ ತನ್ನಿ: ವೈ = (3/4)ಎಕ್ಸ್ + 2. ಎಕ್ಸ್‌ನ ಮುಂದಿರುವ 3 ಅನ್ನೇ ಇಳಿಜಾರು ಎಂದುಕೊಳ್ಳುವ ತಪ್ಪು ಈ ಹಂತ ಹಾರಿಸುವುದರಿಂದಲೇ ಆಗುತ್ತದೆ. ಲಂಬದ ಇಳಿಜಾರು −4/3. ಬಿಂದುವನ್ನು ಹಾಕಿದರೆ ವೈ + 1 = −(4/3)(ಎಕ್ಸ್ − 6). ಎರಡೂ ಕಡೆ 3ರಿಂದ ಗುಣಿಸಿದರೆ 4ಎಕ್ಸ್ + 3ವೈ − 21 = 0. ಬಿಂದುವಿನ ವೈ ಬೆಲೆ −1 ಆದ್ದರಿಂದ ‘ವೈ + 1’ ಬರಬೇಕು. ‘ವೈ − 1’ ಎಂದು ಬರೆದರೆ ಕೊನೆಯ ಸಂಖ್ಯೆ −27 ಆಗಿಬಿಡುತ್ತದೆ. ಹಳೆಯ ರೇಖೆಯ +2 ಅನ್ನು ಹಾಗೇ ಉಳಿಸಿ ವೈ = −(4/3)ಎಕ್ಸ್ + 2 ಎನ್ನುವವರು ಇನ್ನೂ ಹೆಚ್ಚು. ಹೊಸ ರೇಖೆ ವೈ-ಅಕ್ಷವನ್ನು ಕಡಿಯುವುದು 7ರಲ್ಲಿ. 2ಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಇದರ ಚುರುಕು ದಾರಿ: ಎಕ್ಸ್, ವೈ ಸಹಗುಣಕಗಳನ್ನು ಅದಲುಬದಲು ಮಾಡಿ, ಒಂದರ ಚಿಹ್ನೆ ಬದಲಿಸಿ, 4ಎಕ್ಸ್ + 3ವೈ + ಕೆ = 0 ಎಂದು ಬರೆಯುವುದು. (6, −1) ಹಾಕಿದರೆ 24 − 3 + ಕೆ = 0, ಕೆ = −21. ಭಿನ್ನರಾಶಿಯ ಗೊಡವೆಯೇ ಇಲ್ಲ. ನನ್ನನ್ನು ಕೇಳಿದರೆ ಮೊದಲ ದಾರಿ ಕೈಗೆ ಕೂತ ಮೇಲೆ ಪರೀಕ್ಷೆಗೆ ಇದೇ ಸರಿ. ಇಳಿಜಾರೇ ಇಲ್ಲದ ನೇರ ನಿಂತ ರೇಖೆಗೂ ಇದು ನಡೆಯುತ್ತದೆ. ಅಲ್ಲಿ −1 ಸೂತ್ರ ಕೈಕೊಡುತ್ತದೆ. ವೈ = 5ಕ್ಕೆ ಲಂಬ ಕೇಳಿದಾಗ ಸೊನ್ನೆಯನ್ನು ತಿರುಗಿಸಿ 1/0 ಬರೆದು ಒದ್ದಾಡಬೇಡಿ; (6, −1) ಮೂಲಕ ಹೋಗುವ ಲಂಬ ಎಕ್ಸ್ = 6, ಅಷ್ಟೇ.

ಉತ್ತರ ಬಂದ ಮೇಲೆ ಮೇಷ್ಟ್ರು ಲಂಬಪಾದ, ಅಂದರೆ ಎರಡು ರೇಖೆಗಳು ಕೂಡುವ ಬಿಂದು, ಕಂಡುಹಿಡಿಯಲು ಹೇಳುತ್ತಿದ್ದರು, ಪ್ರಶ್ನೆಯಲ್ಲಿ ಕೇಳದಿದ್ದರೂ. ಎರಡೂ ಸಮೀಕರಣ ಬಿಡಿಸಿದರೆ 25ಎಕ್ಸ್ = 60; ಪಾದ (2.4, 3.8). ಅಲ್ಲಿಂದ (6, −1)ಕ್ಕೆ ಅಡ್ಡಕ್ಕೆ 3.6, ಕೆಳಕ್ಕೆ 4.8, ಒಟ್ಟು ದೂರ 6. ಬಿಂದುವಿನಿಂದ ರೇಖೆಗಿರುವ ದೂರದ ಸೂತ್ರದಲ್ಲಿ |18 + 4 + 8| ಅನ್ನು 5ರಿಂದ ಭಾಗಿಸಿದರೂ 6. ಎರಡು ದಾರಿಯಲ್ಲೂ ಒಂದೇ ಉತ್ತರ ಬಂತೆಂದರೆ ಲೆಕ್ಕ ಸರಿಯಿದೆ.

ಗ್ರಾಫ್ ಹಾಳೆಯಲ್ಲಿ ಎಳೆದು ನೋಡುವವರಿಗೆ ಒಂದು ಎಚ್ಚರಿಕೆ. ಎಕ್ಸ್-ಅಕ್ಷದಲ್ಲಿ 1 ಸೆಂ.ಮೀ.ಗೆ 1 ಮಾನ, ವೈ-ಅಕ್ಷದಲ್ಲಿ 1 ಸೆಂ.ಮೀ.ಗೆ 2 ಮಾನ ಇಟ್ಟರೆ ಇದೇ ಎರಡು ರೇಖೆಗಳು ಕಾಗದದ ಮೇಲೆ 3/8 ಮತ್ತು −2/3 ಇಳಿಜಾರಿನಲ್ಲಿ ಮಲಗುತ್ತವೆ. ನಡುವಿನ ಕೋನ ಸುಮಾರು 54 ಡಿಗ್ರಿ. ಮೂಲೆಮಟ್ಟ ಇಟ್ಟು ನೋಡಿ, ಸರಿಯಾದ ಉತ್ತರವನ್ನೇ ಹೊಡೆದುಹಾಕುವವರಿದ್ದಾರೆ. ಲಂಬ ನೋಡಬೇಕಾದರೆ ಎರಡೂ ಅಕ್ಷಕ್ಕೆ ಒಂದೇ ಅಳತೆ ಇಡಬೇಕು.

ಕೊಡಗಿನ ಮಕ್ಕಳಿಗೆ ಈ ಪಾಠ ಪುಸ್ತಕದಲ್ಲೇ ಮುಗಿಯಬೇಕಿಲ್ಲ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ 20 ಮೀಟರಿಗೊಂದರಂತೆ ಸಮಾನ ಎತ್ತರದ ರೇಖೆಗಳಿರುತ್ತವೆ. ಗುಡ್ಡ ಅತಿ ಕಡಿದಾಗಿ ಇಳಿಯುವ ದಿಕ್ಕು ಆ ರೇಖೆಗಳಿಗೆ ಲಂಬ. ಮಳೆನೀರು ಹಿಡಿಯುವ ದಾರಿಯೂ ಅದೇ. ಅದಕ್ಕೇ ಕಾಫಿ ತೋಟದಲ್ಲಿ ಮಳೆನೀರು ತಡೆದು ನಿಲ್ಲಿಸುವ ತೊಟ್ಟಿಲು ಗುಂಡಿಯನ್ನು ನೀರಿನ ಓಟಕ್ಕೆ ಅಡ್ಡವಾಗಿ ತೋಡುವುದು. ಗಿಡದ ಸಾಲಿಗೆ ಗೂಟ ಹೊಡೆಯುವಾಗ 9, 12, 15 ಅಡಿಗೆ ಗಂಟು ಹಾಕಿದ ಹಗ್ಗದಿಂದ ಮೂಲೆ ತೆಗೆಯುವುದೂ ಬೋರ್ಡಿನ ಮೇಲಿದ್ದ ಆ 3, 4, 5ರ ತ್ರಿಭುಜವೇ. ಆದರೆ ಹಗ್ಗವನ್ನು ನೆಲಕ್ಕೆ ತಾಗಿಸಿ ಅಳೆಯಬಾರದು, ಮಟ್ಟವಾಗಿ ಎತ್ತಿ ಹಿಡಿಯಬೇಕು. 30 ಡಿಗ್ರಿ ಇಳಿಜಾರಿನಲ್ಲಿ ನೆಲದ ಗುಂಟ ಅಳೆದ 10 ಅಡಿ, ನಕ್ಷೆಯ ಲೆಕ್ಕಕ್ಕೆ ಬರುವುದು 8.66 ಅಡಿ ಮಾತ್ರ. ಹೀಗೆ ನೆಲದ ಗುಂಟ ಅಳೆದ ಎರಡೂ ಬದಿಗಳು ಇಳಿಜಾರಿಗೆ ಓರೆಯಾಗಿ ಹೋದರೆ ನಕ್ಷೆಯಲ್ಲಿ ಮೂಲೆ 90 ಡಿಗ್ರಿಗೆ ಕೂರುವುದಿಲ್ಲ.