ಆಡುವವರ ಪಕ್ಕ ಸುಮ್ಮನೆ ಕೂರುವುದು

"ಇವತ್ತೂ ಗೇಮ್ ಆಡ್ತಾ ಕೂತಿದ್ಯಾ?" ಮೊದಲ ವರ್ಷ ಪೂರ್ತಿ ಅಮ್ಮ ಫೋನಿನಲ್ಲಿ ಕೇಳುತ್ತಿದ್ದ ಪ್ರಶ್ನೆ ಇದು. ನೆಂಟರು, ಗೆಳೆಯರೂ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳಿದ್ದಾರೆ. ಗೇಮ್ ಡಿಸೈನ್‌ನಲ್ಲಿ ಡಿಗ್ರಿ ಅಂದರೆ ಏನು, ಅದಕ್ಕೆ ಅಷ್ಟು ದೂರ ಹೋಗಬೇಕಿತ್ತಾ ಅಂತ. ಈಗ ಮೂರನೇ ವರ್ಷದಲ್ಲಿದ್ದೇನೆ. ಒಮ್ಮೆ ಕೂತು ಸರಿಯಾಗಿ ಹೇಳೋಣ ಅನ್ನಿಸಿತು.

ಬರುವಾಗ ಹೊಸ ಲ್ಯಾಪ್‌ಟಾಪ್ ಹೊತ್ತು ಬಂದಿದ್ದೆ. ಡಿಸೈನ್ ಕ್ಲಾಸಿನಲ್ಲಿ ಮೊದಲ ತಿಂಗಳು ಅದನ್ನು ತೆರೆಯಲು ಬಿಡಲೇ ಇಲ್ಲ. ಕಾಗದ, ಕತ್ತರಿ, ದಾಳ, ಒಂದಷ್ಟು ಬಣ್ಣದ ಬಿಲ್ಲೆಗಳು, ಅಷ್ಟೇ. ಸೊನ್ನೆ, ಇಂಟು ಹಾಕಿ ಆಡುವ ಒಂಬತ್ತು ಮನೆಯ ಆಟ ಗೊತ್ತಲ್ವಾ? ಇಬ್ಬರೂ ತಪ್ಪು ಮಾಡದೆ ಆಡಿದರೆ ಅದು ಯಾವಾಗಲೂ ಡ್ರಾ. ಒಂದೇ ಒಂದು ನಿಯಮ ಬದಲಾಯಿಸಿ ಅದಕ್ಕೆ ಜೀವ ತನ್ನಿ ಅಂದರು. ಒಬ್ಬರಿಗೆ ಮೂರೇ ಬಿಲ್ಲೆ, ನಾಲ್ಕನೆಯದು ಇಡಬೇಕಾದರೆ ತಮ್ಮದೇ ಹಳೆಯ ಬಿಲ್ಲೆ ಎತ್ತಬೇಕು ಅಂತ ನಾವು ಮಾಡಿದೆವು. ಆಡುವವರ ಮುಖವೇ ಬದಲಾಯಿತು. ಕಣ್ಣು ಮುಚ್ಚಿಕೊಂಡು ಆಡುತ್ತಿದ್ದವರು ಈಗ ಬಿಲ್ಲೆ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, "ತಡಿ ತಡಿ, ನಿನ್ನದು ಯಾವುದು ಹೋಗುತ್ತೆ?" ಅನ್ನತೊಡಗಿದರು.

ಈ ಓದಿನ ತಿರುಳು ಅಲ್ಲೇ ಇತ್ತು. 2004ರಲ್ಲಿ ರಾಬಿನ್ ಹುನಿಕೆ, ಮಾರ್ಕ್ ಲೆಬ್ಲಾಂಕ್, ರಾಬರ್ಟ್ ಜುಬೆಕ್ ಅನ್ನುವ ಮೂವರು ಒಂದು ಪುಟ್ಟ ಪ್ರಬಂಧ ಬರೆದರು. ಎಂಡಿಎ ಅಂತ ಅದರ ಹೆಸರು, ಅಂದರೆ ಮೆಕ್ಯಾನಿಕ್ಸ್ (ನಿಯಮ), ಡೈನಾಮಿಕ್ಸ್ (ನಡವಳಿಕೆ), ಈಸ್ತೆಟಿಕ್ಸ್ (ಭಾವನೆ). ನಾವು ಬರೆಯುವುದು ಬರೀ ನಿಯಮ. ನಿಯಮದಿಂದ ನಡವಳಿಕೆ ಹುಟ್ಟುತ್ತದೆ, ನಡವಳಿಕೆಯಿಂದ ಭಾವನೆ. ಆಡುವವರಿಗೆ ಮೊದಲು ಸಿಗುವುದು ಭಾವನೆ, ನಿಯಮ ಕೊನೆಗೆ. ಅಂದರೆ ನಾವು ಒಂದು ತುದಿಯಲ್ಲಿ, ಅವರು ಇನ್ನೊಂದು ತುದಿಯಲ್ಲಿ. "ಇಲ್ಲಿ ಹೆದರಿಕೆ ಆಗಲಿ" ಅಂತ ನೇರವಾಗಿ ಬರೆಯಲು ಬರುವುದಿಲ್ಲ. ಹೆದರಿಕೆ ಹುಟ್ಟುವಂಥ ನಿಯಮ ಹುಡುಕಬೇಕು. 1978ರ 'ಸ್ಪೇಸ್ ಇನ್‌ವೇಡರ್ಸ್'ನಲ್ಲಿ ಶತ್ರುಗಳು ಕಡಿಮೆಯಾದ ಹಾಗೆ ಉಳಿದವು ಜೋರಾಗಿ ಓಡುತ್ತವೆ. ಚಿತ್ರ ಬರೆಯುವ ಹೊರೆ ಇಳಿದು ಯಂತ್ರವೇ ಚುರುಕಾಗಿದ್ದು ಅದಕ್ಕೆ ಕಾರಣ. ಮಾಡಿದವರು, ತೊಮೊಹಿರೊ ನಿಶಿಕಾಡೊ, ಅದನ್ನು ತಿದ್ದದೆ ಹಾಗೇ ಉಳಿಸಿಕೊಂಡರು. ಆಡುವವರ ಎದೆ ಡವಗುಟ್ಟುವುದು ಅಲ್ಲೇ.

ಎರಡನೇ ವರ್ಷ ನಾಲ್ಕು ಜನರ ತಂಡದಲ್ಲಿ ಹಾರಿ ಹಾರಿ ಸಾಗುವ ಒಂದು ಆಟ ಮಾಡಿದೆವು. ನನ್ನ ಪಾಲಿಗೆ ಬಂದದ್ದು ಆ ಹಾರುವಿಕೆ. ಒಂದೂವರೆ ತಿಂಗಳು ಒಂದೇ ಬಟನ್! ಲೆಕ್ಕ ಪಕ್ಕಾ ಇತ್ತು. ಕಾಲು ಅಂಚಿನ ಮೇಲಿದ್ದರೆ ಹಾರುತ್ತದೆ, ಇಲ್ಲದಿದ್ದರೆ ಬೀಳುತ್ತದೆ. ಆದರೆ ಆಡಿದ ಪ್ರತಿಯೊಬ್ಬರೂ "ಒತ್ತಿದ್ದೆ, ಹಾರಲೇ ಇಲ್ಲ" ಅಂದರು. ರೆಕಾರ್ಡಿಂಗ್ ನಿಧಾನ ಮಾಡಿ ನೋಡಿದೆವು. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುವ ಆಟದಲ್ಲಿ ಅವರು ಒತ್ತಿದ್ದು ಅಂಚು ದಾಟಿ ಮೂರು ನಾಲ್ಕು ಫ್ರೇಮ್ ಆದ ಮೇಲೆ. ಲೆಕ್ಕದ ಪ್ರಕಾರ ತಪ್ಪು ಅವರದೇ. ಆದರೂ ನಾವು ಆರು ಫ್ರೇಮ್ ವಿನಾಯಿತಿ ಕೊಟ್ಟೆವು. ಕಾಲ ಕೆಳಗೆ ನೆಲ ಇಲ್ಲದೆಯೂ ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ಹಾರಬಹುದು. ಇದಕ್ಕೆ 'ಕಯೋಟಿ ಟೈಮ್' ಅಂತಾರೆ, 2018ರ 'ಸೆಲೆಸ್ಟ್' ಆಟದಲ್ಲೂ ಇದೆ. ಮರುವಾರ ಅದೇ ಜನ ಆಡಿದರು. ವಿನಾಯಿತಿ ಯಾರ ಕಣ್ಣಿಗೂ ಬೀಳಲಿಲ್ಲ. "ಕಂಟ್ರೋಲ್ ಈಗ ಚೆನ್ನಾಗಿದೆ" ಅಂದರು ಅಷ್ಟೇ. ಆ ದಿನ ನನಗಾದ ಖುಷಿ ಯಾವ ಪರೀಕ್ಷೆಯ ಅಂಕದಿಂದಲೂ ಆಗಿರಲಿಲ್ಲ.

ನಮ್ಮ ಕೋರ್ಸಿನಲ್ಲಿ ಎಲ್ಲಕ್ಕಿಂತ ಕಷ್ಟದ ಪಾಠ ಪ್ಲೇಟೆಸ್ಟ್. ನಮ್ಮ ಆಟವನ್ನು ಮೊದಲು ನೋಡಿರದವರೊಬ್ಬರು ಬಂದು ಆಡುತ್ತಾರೆ, ನಾವು ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕು. ಬಾಯಿ ಬಿಡುವಂತಿಲ್ಲ. ನನ್ನ ಮೊದಲ ಪ್ಲೇಟೆಸ್ಟ್‌ನಲ್ಲಿ ಒಬ್ಬ ಹುಡುಗ ಮುಚ್ಚಿದ ಬಾಗಿಲ ಮುಂದೆ ನಾಲ್ಕು ನಿಮಿಷ ನಿಂತ. ಬಾಗಿಲು ತೆರೆಯುವ ಲಿವರ್ ಅವನ ಎಡಗಡೆ ಗೋಡೆಯ ಮೇಲೇ ಇತ್ತು. ನಾನೇ ಮಾಡಿದ್ದು, ಹಳದಿ ಬಣ್ಣ ಬೇರೆ ಹಚ್ಚಿದ್ದೆ. ಅವನು ಮೂಲೆ ಮೂಲೆ ಗುದ್ದಿ ನೋಡಿದ, ವಾಪಸ್ ಹೋಗಿ ಬಂದ, ಎರಡು ಸಲ ನನ್ನ ಮುಖ ನೋಡಿದ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಆಮೇಲೆ ಗೊತ್ತಾಯಿತು, ಕೋಣೆಯಲ್ಲಿ ದೀಪ ಇಟ್ಟಿದ್ದು ಬಲಗಡೆ. ಅವನ ಕಣ್ಣು ಬೆಳಕಿನ ಕಡೆ ಹೋಗಿತ್ತು, ಬಣ್ಣದ ಕಡೆಗಲ್ಲ. ದೀಪ ಎಡಕ್ಕೆ ಸರಿಸಿದೆ. ಮುಂದಿನವಳು ಹತ್ತು ಸೆಕೆಂಡಿನಲ್ಲಿ ಬಾಗಿಲು ತೆರೆದಳು.

ಇಷ್ಟು ದೂರ ಬಂದದ್ದಕ್ಕೆ ಸಿಕ್ಕಿದ್ದೇನು ಅಂದರೆ ನಾನು ಇದನ್ನೇ ಹೇಳುತ್ತೇನೆ. ನಮ್ಮ ತರಗತಿಯಲ್ಲಿ ಏಳೆಂಟು ಭಾಷೆಯವರಿದ್ದೇವೆ. ಪರದೆಯ ಮೇಲೆ ನಾಲ್ಕು ಸಾಲು ಸೂಚನೆ ಬರೆದರೆ ಯಾರೂ ಓದುವುದಿಲ್ಲ. ಒಬ್ಬ ಜಪಾನಿ ಸಹಪಾಠಿ ನಮ್ಮ ಮೆನುವಿನಲ್ಲಿ ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದ. ಯಾಕೆ ಅಂತ ತುಂಬಾ ಹೊತ್ತು ಹೊಳೆಯಲಿಲ್ಲ. ಅವರಲ್ಲಿ ಸೊನ್ನೆ ಅಂದರೆ ಸರಿ, ಇಂಟು ಅಂದರೆ ತಪ್ಪು. ಜಪಾನಿನ ಪ್ಲೇಸ್ಟೇಷನ್‌ನಲ್ಲಿ ವರ್ಷಗಟ್ಟಲೆ ಸೊನ್ನೆಯ ಬಟನ್ನೇ 'ಹೌದು' ಆಗಿತ್ತು. 2020ರಲ್ಲಿ ಪಿಎಸ್5 ಬಂದ ಮೇಲೆ ಅಲ್ಲೂ ಇಂಟು 'ಹೌದು' ಆಯಿತು. ಅವನ ಹೆಬ್ಬೆರಳಿಗೆ ಹಳೆಯದೇ ರೂಢಿ, ನಮ್ಮ ಮೆನುವಿನಲ್ಲೋ ಸೊನ್ನೆ ಒತ್ತಿದರೆ ಹಿಂದಕ್ಕೆ. ಎಲ್ಲರಿಗೂ ಗೊತ್ತು ಅಂತ ನಾನು ನಂಬಿದ್ದ ಎಷ್ಟೋ ಸಂಗತಿಗಳು ಹೀಗೆ ಒಂದೊಂದಾಗಿ ಕಳಚಿ ಬಿದ್ದಿವೆ.

ಬರಬೇಕು ಅಂದುಕೊಂಡಿರುವವರಿಗೆ ಎರಡು ಮಾತು. ಒಂದೇ ಹೆಸರಿನ ಕೋರ್ಸುಗಳಲ್ಲೂ ಅಜಗಜಾಂತರ ಇರುತ್ತದೆ. ಕೆಲವು ಕಡೆ ವೆಕ್ಟರ್, ಮ್ಯಾಟ್ರಿಕ್ಸ್, ಪ್ರೋಗ್ರಾಮಿಂಗ್ ಜಾಸ್ತಿ. ಕೆಲವು ಕಡೆ ಚಿತ್ರಕಲೆ, ಕಥೆ. ಹೆಸರು ನೋಡಬೇಡಿ, ಸಿಲಬಸ್ ಓದಿ. ಡಿಸೈನರ್ ಕೆಲಸದಲ್ಲಿ ಬರವಣಿಗೆ, ಸ್ಪ್ರೆಡ್‌ಶೀಟ್, ಬೂದು ಡಬ್ಬಗಳಿಂದ ಕಟ್ಟಿದ ಕಚ್ಚಾ ಲೆವೆಲ್‌ಗಳೇ ಹೆಚ್ಚು. ಕೆಲಸದ ಬಗ್ಗೆಯೂ ಮುಚ್ಚುಮರೆ ಬೇಡ. 2023, 2024ರಲ್ಲಿ ಈ ಉದ್ಯಮದಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ನಮ್ಮ ಸೀನಿಯರ್‌ಗಳಲ್ಲಿ ಹಲವರು ಇನ್ನೂ ಹುಡುಕುತ್ತಿದ್ದಾರೆ. ಅಂಕಪಟ್ಟಿಗಿಂತ ಮಾಡಿ ಮುಗಿಸಿದ ಆಟಕ್ಕೆ ಬೆಲೆ ಜಾಸ್ತಿ. ಡಿಜಿಪೆನ್ ಕಾಲೇಜಿನ ವಿದ್ಯಾರ್ಥಿಗಳು 2005ರಲ್ಲಿ 'ನಾರ್ಬಾಕ್ಯುಲರ್ ಡ್ರಾಪ್' ಅಂತ ಒಂದು ಪುಟ್ಟ ಆಟ ಮಾಡಿದ್ದರು. ವಾಲ್ವ್ ಕಂಪನಿ ಅದನ್ನು ನೋಡಿ ಆ ತಂಡವನ್ನೇ ಕೆಲಸಕ್ಕೆ ಕರೆದುಕೊಂಡಿತು. 2007ರ 'ಪೋರ್ಟಲ್' ಆಟ ಹುಟ್ಟಿದ್ದು ಹಾಗೆ. ಎಲ್ಲರಿಗೂ ಹಾಗಾಗುವುದಿಲ್ಲ, ನಿಜ. ಆದರೆ ಸಾಲ ಮಾಡಿ ವಿಮಾನ ಹತ್ತುವ ಮೊದಲು ಮನೆಯಲ್ಲೇ ಗೊಡೊ ಅನ್ನುವ ಆಟ ಮಾಡುವ ಸಾಫ್ಟ್‌ವೇರ್ ಹಾಕಿಕೊಂಡು ಒಂದು ಚಿಕ್ಕ ಆಟ ಮುಗಿಸಿ ನೋಡಿ. ಅದು ಪೂರ್ತಿ ಉಚಿತ. ಮುಗಿಸುವುದು ಮುಖ್ಯ.

ಹೋದ ಭಾನುವಾರ ನಮ್ಮ ಈ ವರ್ಷದ ಆಟದ ಲಿಂಕ್ ಅಮ್ಮನಿಗೆ ಕಳಿಸಿದೆ. ವಿಡಿಯೋ ಕಾಲ್‌ನಲ್ಲಿ ಅಮ್ಮ ಆಡಿದರು. ನಾನು ನೋಟ್‌ಬುಕ್ ತೆಗೆದು ಕೂತೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಾಣದ ಕೀಲಿ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ನಡೆಯಲು ನಾವು ಇಟ್ಟಿದ್ದು ಡಬ್ಲ್ಯು, ಎ, ಎಸ್, ಡಿ ಕೀಲಿಗಳನ್ನು ಮಾತ್ರ. ಗೇಮ್ ಆಡುವವರಿಗೆ ಅದು ಹೇಳದೆಯೇ ಗೊತ್ತು. ಎರಡು ನಿಮಿಷ ಒತ್ತುತ್ತಲೇ ಇದ್ದರು.

"ಇದು ಕೆಟ್ಟಿದೆ ಅನ್ಸುತ್ತೆ ನೋಡು ಮಗಾ. ಏನ್ ಒತ್ತಬೇಕು?"

ನಾನು ಹೇಳಲಿಲ್ಲ. "ನಿಂಗೇನು ಅನ್ಸುತ್ತೋ ಅದನ್ನ ಒತ್ತಿ ನೋಡಮ್ಮ" ಅಂದೆ. ನೋಟ್‌ಬುಕ್ಕಿನಲ್ಲಿ ಸಮಯ ಬರೆದುಕೊಂಡೆ.

ಸೋಮವಾರ ಬೆಳಗ್ಗೆ ಎಲ್ಲಕ್ಕಿಂತ ಮೊದಲು ಬಾಣದ ಕೀಲಿಗಳನ್ನು ಸೇರಿಸಿದೆವು.