ಒಂದೇ ಮನೆಗೆ ಎರಡು ಅರ್ಥಿಂಗ್: ಭರಣಿ ಮಳೆಯ ಸಿಡಿಲು ತೋರಿಸಿಕೊಟ್ಟ ತಪ್ಪು

ವೈರ್‌ಲೆಸ್ ಕಂಬ ನಿಲ್ಲಿಸುವುದು, ಆಂಟೆನಾ ಕಟ್ಟುವುದು, ಅವುಗಳಿಗೆ ಅರ್ಥಿಂಗ್ ಮಾಡಿಕೊಡುವುದು ನನ್ನ ಹೊಟ್ಟೆಪಾಡಿನ ಕೆಲಸ. ತೋಟಗಳ ವಾಕಿಟಾಕಿ ಕೇಂದ್ರಗಳಿಂದ ಹಿಡಿದು ಹವ್ಯಾಸಿ ರೇಡಿಯೊ ನಡೆಸುವವರ ಮನೆಗಳವರೆಗೆ ಮಲೆನಾಡಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಇದನ್ನು ಮಾಡಿಕೊಂಡು ಬಂದಿದ್ದೇನೆ. ಸಿಡಿಲಿನ ವಿಷಯದಲ್ಲಿ ನನಗೆ ತಿಳಿದಿದೆ ಎಂದು ನಂಬಿಕೊಂಡಿದ್ದ ಒಂದು ಸಂಗತಿ ಪೂರ್ತಿ ತಪ್ಪಾಗಿತ್ತೆಂಬುದು ಒಬ್ಬ ಹ್ಯಾಮ್ (ಹವ್ಯಾಸಿ ರೇಡಿಯೊ) ಮಿತ್ರರ ಮನೆಯಲ್ಲಿ ಬೆಳಕಿಗೆ ಬಂತು. ತಪ್ಪು ನನ್ನದೇ ಆಗಿದ್ದುದರಿಂದ ಅದನ್ನು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಮನೆ ಜಂಬಿಟ್ಟಿಗೆ ನೆಲದ ಇಳಿಜಾರಿನಲ್ಲಿತ್ತು. ಪಶ್ಚಿಮದ ಅಂಚಿನಲ್ಲಿ ಹನ್ನೆರಡು ಮೀಟರ್ ಎತ್ತರದ ಜಿ.ಐ. (ಸತು ಲೇಪಿಸಿದ ಕಬ್ಬಿಣ) ಪೈಪಿನ ಕಂಬ, ಅದರ ತುದಿಯಲ್ಲಿ 144ರಿಂದ 146 ಮೆಗಾಹರ್ಟ್ಸ್‌ಗೆ ಒಂದು ವಿಎಚ್ಎಫ್ ಆಂಟೆನಾ, ಅಲ್ಲಿಂದ ಅಡಿಕೆ ಮರದ ಕಡೆಗೆ ಎಳೆದ ಒಂದು ಡೈಪೋಲ್ ತಂತಿ ಆಂಟೆನಾ. ಕಂಬದ ಬುಡದಲ್ಲಿ ಆಳವಾದ ಗುಂಡಿ ತೆಗೆಸಿ, ಮೂರು ಸಲಾಕೆಗಳನ್ನು ಇಳಿಸಿ, ಬೆಂಟೊನೈಟ್ ಜೇಡಿ ತುಂಬಿಸಿ, ಜಂಬಿಟ್ಟಿಗೆಯಲ್ಲಿ ಸುಲಭವಾಗಿ ಸಿಗದ ಒಂಬತ್ತು ಓಮ್ ತಂದುಕೊಟ್ಟಿದ್ದೆ (ಇದು ಅರ್ಥಿಂಗಿನ ರೋಧದ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು). ಮನೆಯ ವಿದ್ಯುತ್ ಮೀಟರಿನ ಅರ್ಥಿಂಗ್ ಪೂರ್ವದ ಮೂಲೆಯಲ್ಲಿ, ಕಂಬದಿಂದ ಸುಮಾರು ಹದಿನೈದು ಮೀಟರ್ ದೂರದಲ್ಲಿತ್ತು. ಉಪ್ಪು, ಇದ್ದಿಲು ತುಂಬಿ ಮರೆತುಬಿಟ್ಟಿದ್ದ ಹಳೆಯ ಗುಂಡಿ, ಅಳೆದಾಗ ನಲವತ್ತು ಓಮ್ ದಾಟಿತ್ತು. ಇವೆರಡನ್ನೂ ಸೇರಿಸಬೇಕೇ ಎಂದು ಮನೆಯವರು ಕೇಳಿದಾಗ, ಕರೆಂಟಿನ ಕೊಳಕು ಅರ್ಥಿಂಗ್ ರೇಡಿಯೊದ ಶುದ್ಧ ಅರ್ಥಿಂಗಿಗೆ ತಾಗಿದರೆ ಗದ್ದಲ ಹೆಚ್ಚುತ್ತದೆ, ಬೇರೆಬೇರೆಯಾಗಿಯೇ ಇರಲಿ ಎಂದು ನಾನು ಧೈರ್ಯವಾಗಿ ಹೇಳಿದ್ದೆ. ಈ ಮಾತನ್ನು ನನಗೆ ಕಲಿಸಿದವರೂ ಹೀಗೆಯೇ ಧೈರ್ಯವಾಗಿ ಹೇಳಿದ್ದರು.

ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಆ ವರ್ಷದ ಭರಣಿ ಮಳೆ ಸಂಜೆ ನಾಲ್ಕರ ಹೊತ್ತಿಗೆ ಗುಡುಗಿನೊಂದಿಗೆ ಬಂದು, ಕಂಬದಿಂದ ಮೂವತ್ತು ಮೀಟರ್ ಆಚೆ ಇದ್ದ ತೆಂಗಿನ ಮರವನ್ನು ಸೀಳಿತು. ಆಂಟೆನಾಕ್ಕೆ ಸಿಡಿಲು ಬಡಿಯಲಿಲ್ಲ. ಮರುದಿನ ನಾನು ಹೋಗಿ ನೋಡಿದಾಗ ಕಂಬ, ಆಂಟೆನಾ, ಆಂಟೆನಾದಿಂದ ರೇಡಿಯೊಗೆ ಬರುವ ಕೋಆಕ್ಸ್ ಕೇಬಲ್ ಎಲ್ಲವೂ ನೆಟ್ಟಗಿದ್ದವು. ಸಿಡಿಲಿನಿಂದ ಕಾಪಾಡಲು ಆ ಕೇಬಲಿಗೆ ಹಾಕಿದ್ದ ಅರೆಸ್ಟರಿನೊಳಗಿನ, ವೋಲ್ಟೇಜ್ ಮಿತಿ ಮೀರಿದಾಗ ಹೊತ್ತಿಕೊಳ್ಳುವ ಗ್ಯಾಸ್ ಟ್ಯೂಬನ್ನು ಬಿಚ್ಚಿ ಪರೀಕ್ಷಿಸಿದರೆ ಅದೂ ಹೊಸದರಂತಿತ್ತು. ಆದರೆ ಮೇಜಿನ ಮೇಲಿನ ಟ್ರಾನ್ಸೀವರ್ (ಕಳಿಸುವ, ಕೇಳುವ ಎರಡೂ ಕೆಲಸದ ರೇಡಿಯೊ), ಅದರ ಪವರ್ ಸಪ್ಲೈ, ಯುಎಸ್‌ಬಿ ಕೇಬಲಿನಿಂದ ಅದಕ್ಕೆ ಜೋಡಿಸಿದ್ದ ಕಂಪ್ಯೂಟರ್ ಮೂರೂ ಸತ್ತಿದ್ದವು. ಪವರ್ ಸಪ್ಲೈಯ ಮುಚ್ಚಳ ತೆಗೆದಾಗ, ಅರ್ಥ್ ಪಿನ್ನಿನಿಂದ ಒಳಕ್ಕೆ ಹೋಗುವ ತಾಮ್ರದ ಗೆರೆ ಬೋರ್ಡಿನ ಮೇಲೆ ಇರಲೇ ಇಲ್ಲ. ಅದಿದ್ದ ಜಾಗದಲ್ಲಿ ಕಾಡಿಗೆ ಬಳಿದಂತಹ ಕಪ್ಪು ನೆರಳು ಮಾತ್ರ ಉಳಿದಿತ್ತು. ಮೂರು ಕಣ್ಣಿನ ಪ್ಲಗ್ಗಿನ ದಪ್ಪ ಪಿನ್ನಿನ ತುದಿಯಲ್ಲಿ ಸಾಸಿವೆಯಷ್ಟು ಕರಗಿದ ಲೋಹದ ಗುಳ್ಳೆಯಿತ್ತು.

ಆ ಗುಳ್ಳೆಯೇ ನನಗೆ ದಾರಿ ತೋರಿಸಿತು. ಕರೆಂಟು ಹರಿದದ್ದು ಆಂಟೆನಾದಿಂದ ಕೆಳಗಿಳಿದು ಅಲ್ಲ, ಒಂದು ಅರ್ಥಿಂಗಿನಿಂದ ಮೇಲೆದ್ದು ಇನ್ನೊಂದು ಅರ್ಥಿಂಗಿಗೆ. ಸಾಮಾನ್ಯವಾದ ಒಂದು ಸಿಡಿಲಿನ ಗರಿಷ್ಠ ಪ್ರವಾಹ ಸುಮಾರು 30,000 ಆಂಪಿಯರ್ ಎಂದು ಹಿಡಿದು, ಜಂಬಿಟ್ಟಿಗೆ ನೆಲದ ರೋಧಕತೆಯನ್ನು 1,000 ಓಮ್-ಮೀಟರ್ ಎಂದಿಟ್ಟುಕೊಂಡರೆ, ಮರದ ಬುಡದಿಂದ 30 ಮೀಟರ್ ದೂರದ ನೆಲ ಸುಮಾರು 1,60,000 ವೋಲ್ಟ್‌ಗೂ, 45 ಮೀಟರ್ ದೂರದ ನೆಲ ಸುಮಾರು 1,06,000 ವೋಲ್ಟ್‌ಗೂ ಏರುತ್ತದೆ. ಒಂದೇ ಮನೆಯ ಎರಡು ಅರ್ಥಿಂಗ್‌ಗಳ ನಡುವೆ ಐವತ್ತು ಸಾವಿರ ವೋಲ್ಟ್‌ಗೂ ಮಿಕ್ಕಿದ ಅಂತರ. ಕೋಆಕ್ಸ್‌ನ ಹೊರಕವಚದ ಮೂಲಕ ರೇಡಿಯೊದ ಮೈ ಒಂದು ಅರ್ಥಿಂಗಿಗೆ, ಪ್ಲಗ್ಗಿನ ಮೂಲಕ ಪವರ್ ಸಪ್ಲೈಯ ಮೈ ಇನ್ನೊಂದು ಅರ್ಥಿಂಗಿಗೆ ಸೇರಿದ್ದುದರಿಂದ, ಈ ಎರಡು ಗುಂಡಿಗಳನ್ನು ಬೆಸೆಯುವ ಏಕೈಕ ತಂತಿ ಆ ಮೇಜಿನ ಮೇಲಿನ ಉಪಕರಣವೇ ಆಗಿತ್ತು. ಅವೆರಡನ್ನು ನಾನು ಸೇರಿಸಿರಲಿಲ್ಲ ಎಂದುಕೊಂಡಿದ್ದೆ. ನಿಜವಾಗಿ ನೋಡಿದರೆ ಲಕ್ಷ ರೂಪಾಯಿಯ ರೇಡಿಯೊವನ್ನೇ ತಂತಿಯಾಗಿ ಬಳಸಿ ಸೇರಿಸಿದ್ದೆ.

ಹೊಳೆಗೆ ನೆರೆ ಬಂದಾಗ ನೀರಿನೊಂದಿಗೆ ತಾನೂ ಏರುವ ದೋಣಿಗೆ ಏನೂ ಆಗುವುದಿಲ್ಲ. ದಡದ ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿದ ದೋಣಿ ಮುಳುಗುತ್ತದೆ. ನಾನು ಕಟ್ಟಿದ್ದು ಇಂಥದೇ ಗಿಡ್ಡ ಹಗ್ಗ. ಅರೆಸ್ಟರ್ ಸಿಡಿಲನ್ನು ನುಂಗಿಬಿಡುತ್ತದೆ ಎಂಬ ಕಲ್ಪನೆಯೂ ಇದೇ ಜಾತಿಯದು. ಅದು ಮಾಡುವುದು ಇಷ್ಟೇ: ಕೇಬಲಿನ ಒಳತಂತಿ ಮತ್ತು ಹೊರಕವಚಗಳನ್ನು ಒಂದು ಕ್ಷಣ ಒಂದುಗೂಡಿಸಿ, ತನ್ನನ್ನು ಕೂರಿಸಿದ ಲೋಹದ ಹಲಗೆಯ ವೋಲ್ಟೇಜಿನೊಂದಿಗೆ ಏರಿಸುತ್ತದೆ. ಕೋಣೆಯೊಳಗೆ ಬರುವ ಉಳಿದ ತಂತಿಗಳು ಆ ಹಲಗೆಯೊಂದಿಗೆ ಏರದಿದ್ದರೆ ಎಷ್ಟು ಬೆಲೆಯ ಅರೆಸ್ಟರಾದರೂ ಕಂಬದ ಅಲಂಕಾರವಷ್ಟೇ.

ಸರಿಪಡಿಸುವಾಗ ಮೊದಲು ನನಗೆ ಹೊಳೆದದ್ದು ಎರಡು ಗುಂಡಿಗಳ ನಡುವೆ ಒಂದು ಜಿ.ಐ. ಪಟ್ಟಿಯನ್ನು ಹೂತರೆ ಸಾಕೆಂದು. ಅದು ಬೇಕೇ ಬೇಕು, ಆದರೆ ಸಾಲದು. ಸಿಡಿಲಿನ ಪ್ರವಾಹ ಒಂದೆರಡು ಮೈಕ್ರೊಸೆಕೆಂಡಿನಲ್ಲಿ ತುದಿ ಮುಟ್ಟುವುದರಿಂದ ತಂತಿಯ ರೋಧಕ್ಕಿಂತ ಅದರ ಇಂಡಕ್ಟನ್ಸ್ (ಪ್ರವಾಹ ಥಟ್ಟನೆ ಬದಲಾಗುವುದನ್ನು ತಡೆಯುವ ಗುಣ) ದೊಡ್ಡ ಮಾತಾಗುತ್ತದೆ. ನೇರ ತಂತಿಗೆ ಮೀಟರಿಗೆ ಸುಮಾರು ಒಂದು ಮೈಕ್ರೊಹೆನ್ರಿ. ಎರಡು ಮೈಕ್ರೊಸೆಕೆಂಡಿನಲ್ಲಿ 30,000 ಆಂಪಿಯರ್ ಏರಿದರೆ ಪ್ರತಿ ಮೀಟರಿನ ಮೇಲೆ 15,000 ವೋಲ್ಟ್ ನಿಲ್ಲುತ್ತದೆ. ತಾಮ್ರ ಎಷ್ಟು ದಪ್ಪವಿದೆ ಎಂದು ಗಿರಾಕಿಗಳು ಕೇಳುತ್ತಾರೆ, ಎಷ್ಟು ಗಿಡ್ಡವಿದೆ ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ ರೇಡಿಯೊ ಕೋಣೆಯ ಕಿಟಕಿಯ ಕೆಳಗೆ ಒಂದೂವರೆ ಅಡಿಯ ತಾಮ್ರದ ಹಲಗೆಯನ್ನು ಗೋಡೆಗೆ ಬಿಗಿದು, ಕೋಣೆಗೆ ಹೋಗುವ ಎಲ್ಲವೂ ಅದರ ಮೇಲಿನಿಂದಲೇ ಹೋಗುವಂತೆ ಮಾಡಿದೆವು. ಎರಡೂ ಕೋಆಕ್ಸ್‌ಗಳ ಅರೆಸ್ಟರ್‌ಗಳು, ರೇಡಿಯೊ ಮೇಜಿನ 230 ವೋಲ್ಟ್ ಲೈನಿಗೆ ಬೇರೆಯಾಗಿ ಹಾಕಿದ ಸರ್ಜ್ ಪ್ರೊಟೆಕ್ಟರ್, ಬ್ರಾಡ್‌ಬ್ಯಾಂಡ್ ಕೇಬಲಿನ ಪ್ರೊಟೆಕ್ಟರ್ ಎಲ್ಲವೂ ಅದೇ ಹಲಗೆಯ ಮೇಲೆ. ಆ ಹಲಗೆಯಿಂದ ನೇರ ಕೆಳಗೆ ಹೊಸ ಸಲಾಕೆಗಳು. ಮೂರು ಮೀಟರಿನ ಸಲಾಕೆಗಳನ್ನು ಒಂದರಿಂದ ಒಂದು ಆರು ಮೀಟರ್ ದೂರ ಇಟ್ಟೆವು, ಒತ್ತೊತ್ತಾಗಿ ಹೊಡೆದರೆ ಎರಡನೆಯದರ ಖರ್ಚು ದಂಡ. ಅಲ್ಲಿಂದ ಒಂದು ಕಡೆ ಕಂಬದ ಬುಡಕ್ಕೆ, ಇನ್ನೊಂದು ಕಡೆ ಮೀಟರಿನ ಗುಂಡಿಗೆ ಅರ್ಧ ಮೀಟರ್ ಆಳದಲ್ಲಿ ಜಿ.ಐ. ಪಟ್ಟಿ ಹೂತೆವು. ಇಲ್ಲಿ ಸೇರಿಸಿದ್ದು ಅರ್ಥಿಂಗ್‌ಗಳನ್ನು ಮಾತ್ರ. ಉತ್ಸಾಹದಲ್ಲಿ ನ್ಯೂಟ್ರಲ್ ತಂತಿಯನ್ನೂ ಅದಕ್ಕೆ ಕಟ್ಟುವವರಿದ್ದಾರೆ, ಅದು ಪ್ರಾಣಕ್ಕೆ ಕುತ್ತು.

ಚಿಕ್ಕಪುಟ್ಟ ಆಯ್ಕೆಗಳಲ್ಲಿಯೂ ಎಡವಲು ಜಾಗವಿದೆ. ನೂರು ವ್ಯಾಟ್ ಪ್ರಸಾರವೆಂದರೆ 50 ಓಮ್ ಕೇಬಲಿನಲ್ಲಿ ನೂರು ವೋಲ್ಟ್‌ನ ಶಿಖರ. ಅಲ್ಲಿ 90 ವೋಲ್ಟ್‌ನ ಗ್ಯಾಸ್ ಟ್ಯೂಬ್ ಹಾಕಿದರೆ ಮೈಕ್ ಒತ್ತಿದಾಗಲೆಲ್ಲ ಅದು ಹೊತ್ತಿಕೊಳ್ಳಬಹುದು, 230 ವೋಲ್ಟ್‌ನದು ಸರಿ. ಕರೆಂಟಿನ ಕಡೆ, ನಮ್ಮ ಹಳ್ಳಿಯ ಲೈನುಗಳಲ್ಲಿ ರಾತ್ರಿ ವೋಲ್ಟೇಜ್ ಏರುವುದನ್ನು ಕಂಡಿರುವ ನಾನು 275 ವೋಲ್ಟ್‌ನ ಪ್ರೊಟೆಕ್ಟರಿಗಿಂತ 320 ವೋಲ್ಟ್‌ನದನ್ನೇ ಇಷ್ಟಪಡುತ್ತೇನೆ. ತಾಮ್ರವನ್ನು ಸತು ಲೇಪಿಸಿದ ಕಬ್ಬಿಣಕ್ಕೆ ನೇರವಾಗಿ ಒತ್ತಿದರೆ ಮಳೆಗಾಲ ಕಳೆಯುವಷ್ಟರಲ್ಲಿ ಸತು ತಿಂದುಹೋಗುತ್ತದೆ. ನಡುವೆ ಸ್ಟೇನ್‌ಲೆಸ್ ಸ್ಟೀಲಿನ ವಾಷರ್ ಇರಬೇಕು. ನಾನು ಹೆದರಿದ್ದಂತೆ ರೇಡಿಯೊದಲ್ಲಿ ಗದ್ದಲ ಹೆಚ್ಚಲಿಲ್ಲ, ಇದ್ದ ಗದ್ದಲದ ಮೂಲ ಮನೆಯ ಎಲ್‌ಇಡಿ ಬಲ್ಬುಗಳೊಳಗಿನ ಡ್ರೈವರ್ ಎಂಬುದು ಆಮೇಲೆ ಗೊತ್ತಾಯಿತು.

ಇಷ್ಟೆಲ್ಲ ಮಾಡಿದ ಮೇಲೂ ಬಳಸದಿರುವಾಗ ಕೇಬಲ್ ಬಿಚ್ಚಿಡಿ ಎಂದೇ ಹೇಳುತ್ತೇನೆ, ಆದರೆ ಬಿಚ್ಚಿದ ತುದಿ ಕಿಟಕಿಯ ಹೊರಗೆ, ಹಲಗೆಯ ಬಳಿಯೇ ಉಳಿಯಬೇಕು. ಅದನ್ನು ಒಳಗೇ ಗಾಜಿನ ಬಾಟಲಿಯಲ್ಲಿ ಇಳಿಬಿಡುವ ಹಳೆಯ ಪದ್ಧತಿ ಈಗಲೂ ಕೆಲವರಲ್ಲಿದೆ. ಕಿಲೋಮೀಟರ್‌ಗಟ್ಟಲೆ ಗಾಳಿಯನ್ನು ಸೀಳಿ ಬಂದದ್ದು ಉಪ್ಪಿನಕಾಯಿ ಬಾಟಲಿಗೆ ಹೆದರುವುದಿಲ್ಲ. 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಗಿಯೋರ್ಗ್ ರಿಕ್ಮನ್ ಎಂಬ ವಿಜ್ಞಾನಿ ಸತ್ತದ್ದು ಬಯಲಿನಲ್ಲಿ ನಿಂತಲ್ಲ, ಛಾವಣಿಯಿಂದ ಮನೆಯೊಳಗೆ ತಂದಿದ್ದ ನೆಲಸೇರದ ತಂತಿಯ ಪಕ್ಕದಲ್ಲಿ ನಿಂತು. ಗುಡುಗು ಕೇಳಿದ ಮೇಲೆ ಕೇಬಲ್ ಬಿಚ್ಚಲು ಕೈ ಹಾಕುವುದೂ ಇದೇ ದಾರಿ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವಷ್ಟರೊಳಗೆ ಸದ್ದು ಬಂದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಅಷ್ಟಾದರೆ ನಮ್ಮ ಹುಡುಗರು ಕಂಬ ಇಳಿದು ಮನೆಯೊಳಗೆ ಸೇರಬೇಕು, ಅರ್ಧ ಬಿಗಿದ ಬೋಲ್ಟು ಹಾಗೆಯೇ ಇರಲಿ. ಪುಣೆಯ ಹವಾಮಾನ ಸಂಸ್ಥೆಯವರ ದಾಮಿನಿ ಆ್ಯಪ್ ಎಲ್ಲರ ಫೋನಿನಲ್ಲೂ ಇದೆ, ಆದರೂ ಕಿವಿಯನ್ನು ಮೊದಲು ನಂಬುತ್ತೇವೆ.

ಅರ್ಥಿಂಗ್ ಅಳೆಯುವುದನ್ನು ನಾನು ಈಗ ಏಪ್ರಿಲ್ ಮೊದಲ ವಾರಕ್ಕೆ ಇಟ್ಟುಕೊಂಡಿದ್ದೇನೆ. ಮಳೆ ಬಿದ್ದ ಮೇಲೆ ಅಳೆದರೆ ಎಂಥ ಗುಂಡಿಯೂ ಒಳ್ಳೆಯ ಅಂಕ ತೋರಿಸುತ್ತದೆ. ನೆಲ ಒಣಗಿ ಬಿರಿದಾಗ ಬರುವ ಅಂಕವೇ ಭರಣಿಯ ಮೊದಲ ಸಿಡಿಲಿಗೆ ಸಿಗುವ ಅಂಕ. ಕಳೆದ ಏಪ್ರಿಲ್‌ನಲ್ಲಿ ಅದೇ ಮನೆಗೆ ಹೋದಾಗ ಹಲಗೆಯ ಬುಡದಲ್ಲಿ ಹನ್ನೊಂದು ಓಮ್ ಬಂತು, ಆದರೆ ಮೀಟರ್ ಗುಂಡಿಯ ಕಡೆಯ ಕೀಲಿನಲ್ಲಿ ವಾಷರ್ ಇರಲಿಲ್ಲ. ಹೊಸ ಪೈಪ್‌ಲೈನ್ ಹಾಕಲು ಬಂದವರು ಪಟ್ಟಿಯನ್ನು ಬಿಚ್ಚಿ, ಕೆಲಸ ಮುಗಿಸಿ, ಮಣ್ಣಿನಲ್ಲಿ ಹಾಗೆಯೇ ಒರಗಿಸಿ ಮುಚ್ಚಿದ್ದರು. ಹಲ್ಲುಜ್ಜುವ ಬ್ರಷ್ಷಿನಂಥ ತಂತಿ ಬ್ರಷ್ಷಿನಲ್ಲಿ ತುಕ್ಕು ತೆಗೆದು, ಹೊಸ ಬೋಲ್ಟ್ ಹಾಕಿ, ಆ ಜಾಗಕ್ಕೆ ಕೆಂಪು ಬಣ್ಣದ ಒಂದು ಕಲ್ಲು ನೆಟ್ಟು ಬಂದೆ.