ತಾಮ್ರದ ವಾಟರ್ ಬ್ಲಾಕ್: ಎರಡನೆಯದರ ಪರೀಕ್ಷೆ, ಮೂರನೆಯದರ ಆರಂಭ

ಪ್ರೊಸೆಸರ್‌ನ ಮೇಲೆ ಕೂರಿಸಿ, ಒಳಗೆ ನೀರು ಹರಿಸಿ ಅದನ್ನು ತಣ್ಣಗಿಡುವ ವಾಟರ್ ಬ್ಲಾಕನ್ನು ಕೈಯಾರೆ ಮಾಡಿ ನೋಡಬೇಕೆಂದು ಹೊರಟ ಈ ಕೆಲಸದಲ್ಲಿ ಎರಡು ಬ್ಲಾಕ್‌ಗಳು ಮುಗಿದಿವೆ. ಮೂರನೆಯದು ಅರ್ಧ ಕೊರೆದ ಸ್ಥಿತಿಯಲ್ಲಿ ವೈಸ್‌ನಲ್ಲೇ ಇದೆ. ಮೊದಲನೆಯದು ತೀರ ಸರಳ. 50 ಮಿ.ಮೀ. ಚೌಕದ, 12 ಮಿ.ಮೀ. ದಪ್ಪದ ತಾಮ್ರದ ತುಂಡಿಗೆ ಪಕ್ಕದಿಂದ 6 ಮಿ.ಮೀ. ರಂಧ್ರಗಳನ್ನು ಕೊರೆದು, ಅವು ಒಳಗೇ ಕೂಡಿ ಒಂದು ಸುತ್ತುದಾರಿಯಾಗುವಂತೆ ಮಾಡಿ, ಬೇಡದ ಬಾಯಿಗಳನ್ನು ಹಿತ್ತಾಳೆಯ ತಿರುಪುಗಳಿಂದ ಮುಚ್ಚಿದ್ದೆ. ಎರಡನೆಯದರಲ್ಲಿ 30 ಮಿ.ಮೀ. ಚೌಕದ ದಿಬ್ಬವೊಂದನ್ನು ಉಳಿಸಿಕೊಂಡು, ಪುಟ್ಟ ಮಿಲ್ಲಿಂಗ್ ಯಂತ್ರದಲ್ಲಿ 1 ಮಿ.ಮೀ. ದಪ್ಪದ ಚಕ್ರಗರಗಸದಿಂದ ಅದರ ಮೇಲೆ 3 ಮಿ.ಮೀ. ಆಳದ 15 ಕಾಲುವೆಗಳನ್ನು ಸೀಳಿದೆ. ಕಾಲುವೆಗಳ ನಡುವೆ ಉಳಿದ ತಾಮ್ರವೇ ಫಿನ್. ಫಿನ್‌ಗಳ ಕೆಳಗೆ 3 ಮಿ.ಮೀ. ದಪ್ಪದ ತಳವಿದೆ, ಮೇಲೆ ಅಕ್ರಿಲಿಕ್ ಮುಚ್ಚಳವಿದೆ.

ದಿನ 1ರಿಂದ 4: ಪರೀಕ್ಷೆಯ ಮೇಜು

ಬ್ಲಾಕ್ ಮಾಡುವುದಕ್ಕಿಂತ ಅದನ್ನು ಅಳೆಯುವುದೇ ಕಷ್ಟವೆಂಬುದು ಮೊದಲನೆಯ ಬ್ಲಾಕ್‌ನಲ್ಲೇ ತಿಳಿದಿತ್ತು. ಕಂಪ್ಯೂಟರ್‌ನಲ್ಲಿ ಕೂರಿಸಿ ಪ್ರೊಸೆಸರ್ ತೋರಿಸುವ ಉಷ್ಣತೆಯನ್ನು ಓದಿದರೆ ಅದು ಎಷ್ಟು ವ್ಯಾಟ್‌ನ ಫಲವೆಂದು ಖಚಿತವಾಗಿ ಹೇಳಲಾಗದು, ಏಕೆಂದರೆ ಪ್ರೊಸೆಸರ್ ತನ್ನ ವೇಗವನ್ನೂ ವೋಲ್ಟೇಜನ್ನೂ ತಾನೇ ಬದಲಾಯಿಸಿಕೊಳ್ಳುತ್ತಿರುತ್ತದೆ. ಆದ್ದರಿಂದ ಪ್ರೊಸೆಸರ್‌ನ ಬದಲಿಗೆ ಒಂದು ತಾಮ್ರದ ಗಟ್ಟಿಯನ್ನೇ ಇಟ್ಟೆ. ಅದರೊಳಗೆ 3ಡಿ ಪ್ರಿಂಟರ್‌ಗಳಲ್ಲಿ ಬಳಸುವ 12 ವೋಲ್ಟ್, 40 ವ್ಯಾಟ್‌ನ ನಾಲ್ಕು ಹೀಟರ್‌ಗಳಿವೆ. ಗಟ್ಟಿಯ ತುದಿಯನ್ನು 30 ಮಿ.ಮೀ. ಚೌಕಕ್ಕೆ ಇಳಿಸಿ, ಮುಖದಿಂದ 3 ಮಿ.ಮೀ. ಕೆಳಗೆ 2 ಮಿ.ಮೀ. ರಂಧ್ರ ಕೊರೆದು ಉಷ್ಣತೆ ಅಳೆಯುವ, ಗಾಜಿನ ಮಣಿಯಂಥ ಥರ್ಮಿಸ್ಟರನ್ನು ತೂರಿಸಿದ್ದೇನೆ. ನೀರಿನ ಒಳಹರಿವಿಗೊಂದು, ಹೊರಹರಿವಿಗೊಂದು ಡಿಎಸ್18ಬಿ20 ಸೆನ್ಸರ್ ಇದೆ. ಈ ಸೆನ್ಸರ್‌ನ ನಿಖರತೆ ±0.5 ಡಿಗ್ರಿ ಮಾತ್ರ. ಆದರೆ ಅದು 0.0625 ಡಿಗ್ರಿಯಷ್ಟು ಚಿಕ್ಕ ಬದಲಾವಣೆಯನ್ನೂ ತೋರಿಸುತ್ತದೆ. ಎರಡನ್ನೂ ಒಂದೇ ಪಾತ್ರೆಯ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು, ಅವುಗಳ ನಡುವಿನ ಸ್ಥಿರ ಅಂತರವನ್ನು ಬರೆದುಕೊಂಡು, ಮುಂದಿನ ಎಲ್ಲ ಓದುಗಳಿಂದ ಅದನ್ನು ಕಳೆದೆ.

ಹೀಟರ್‌ಗಳ ತುದಿಯಲ್ಲಿ ಅಳೆದಾಗ 11.8 ವೋಲ್ಟ್, 12.9 ಆಂಪಿಯರ್ ಸಿಕ್ಕಿತು; ಅಂದರೆ ಸುಮಾರು 152 ವ್ಯಾಟ್. ನೀರಿನ ಹರಿವನ್ನು ಬಕೆಟ್ ಮತ್ತು ಸ್ಟಾಪ್‌ವಾಚ್‌ನಿಂದಲೇ ಅಳೆದೆ. 3 ಲೀಟರ್ ತುಂಬಲು 150 ಸೆಕೆಂಡು ಹಿಡಿಯಿತು, ಎಂದರೆ ನಿಮಿಷಕ್ಕೆ 1.2 ಲೀಟರ್. ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲು 4.18 ಜೂಲ್ ಬೇಕು. ಸೆಕೆಂಡಿಗೆ 20 ಗ್ರಾಂ ನೀರು ಹರಿಯುತ್ತಿದ್ದು, ಹೊರಹರಿವು ಒಳಹರಿವಿಗಿಂತ 1.75 ಡಿಗ್ರಿ ಬಿಸಿಯಿತ್ತಾದ್ದರಿಂದ ನೀರಿಗೆ ಸೇರಿದ ಶಾಖ 146 ವ್ಯಾಟ್. ಉಳಿದ ಆರು ವ್ಯಾಟ್ ಹೊದಿಕೆಯನ್ನು ದಾಟಿ ಗಾಳಿಗೆ ಹೋಗಿದೆಯೆಂದು ಇಟ್ಟುಕೊಂಡರೂ, ಎರಡು ಬೇರೆ ದಾರಿಯ ಲೆಕ್ಕಗಳು ಇಷ್ಟು ಹತ್ತಿರ ಬಂದದ್ದು ನನಗೆ ಬ್ಲಾಕ್ ಮುಗಿದದ್ದಕ್ಕಿಂತ ಹೆಚ್ಚು ಸಮಾಧಾನ ಕೊಟ್ಟಿತು.

ಅದೇ ಮೊದಲ ಬ್ಲಾಕನ್ನು ಐದು ಸಲ ಬಿಚ್ಚಿ, ಒರೆಸಿ, ಎರಡು ಮುಖಗಳ ನಡುವೆ ಶಾಖ ಸರಾಗವಾಗಿ ದಾಟಲು ಹಚ್ಚುವ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿ ಮತ್ತೆ ಕೂರಿಸಿ ಅಳೆದೆ. ಗಟ್ಟಿಗೂ ನೀರಿಗೂ ನಡುವಿನ ವ್ಯತ್ಯಾಸ ಸರಾಸರಿ 23.4 ಡಿಗ್ರಿ. ಆದರೆ ಅತಿ ಕಡಿಮೆ ಓದಿಗೂ ಅತಿ ಹೆಚ್ಚಿನ ಓದಿಗೂ 1.1 ಡಿಗ್ರಿ ಅಂತರವಿತ್ತು. ಅಂದರೆ, ಒಂದೇ ಸಲ ಕೂರಿಸಿ ಅಳೆದು, ಅರ್ಧ ಡಿಗ್ರಿ ಇಳಿಯಿತೆಂದು ಹಿಗ್ಗಿದರೆ ಅದು ಬ್ಲಾಕ್‌ನ ಗುಣವಲ್ಲ, ಪೇಸ್ಟ್ ಹಚ್ಚಿದ ಕೈಯ ಗುಣ. ಇದಾದ ಮೇಲೆ ಪ್ರತಿ ಬದಲಾವಣೆಗೂ ಮೂರು ಸಲವಾದರೂ ಬಿಚ್ಚಿ ಕೂರಿಸುವುದನ್ನು ನಿಯಮ ಮಾಡಿಕೊಂಡೆ.

ದಿನ 7: ಬಿರುಕು

ಎರಡನೆಯ ಬ್ಲಾಕ್‌ನ ಮುಚ್ಚಳಕ್ಕೆ 11.8 ಮಿ.ಮೀ. ರಂಧ್ರ ಕೊರೆದು, ನಿಧಾನವಾಗಿ ಜಿ1/4 ಅಳತೆಯ ಟ್ಯಾಪ್ ಓಡಿಸಿ, ಕೊಳವೆಯ ಫಿಟ್ಟಿಂಗ್ ತಿರುಗಿಸಿ ಕೂರಿಸಲು ಮರೆ (ತಿರುಪಿನ ಸುರುಳಿ) ಕೊರೆದೆ. ಮರೆಯೊಳಗೆ ಉಳಿದ ಎಣ್ಣೆಯನ್ನು ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬಟ್ಟೆ ಅದ್ದಿ ಒರೆಸಿದ್ದು ನನ್ನ ತಪ್ಪು. ಮರುದಿನ ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿದರೆ ಮರೆಯ ಪ್ರತಿ ಸುತ್ತಿನಿಂದಲೂ ಕೂದಲೆಳೆಯಂಥ ಬೆಳ್ಳಿಯ ಗೆರೆಗಳು ಹೊರಕ್ಕೆ ಹರಡಿದ್ದವು. ಫಿಟ್ಟಿಂಗ್ ಬಿಗಿದೊಡನೆ ಅವುಗಳಲ್ಲೊಂದು ಅಂಚಿನವರೆಗೂ ಓಡಿತು. ಕೊರೆದಾಗ ಒಳಗೆ ಉಳಿದ ಒತ್ತಡಕ್ಕೆ ಆಲ್ಕೊಹಾಲ್ ಸೇರಿದರೆ ಅಕ್ರಿಲಿಕ್ ಹೀಗೆ ಒಡೆಯುತ್ತದೆಂದು ಓದಿದ್ದೆ. ಓದಿದ್ದು ಕೈಗೆ ಬಂದಿರಲಿಲ್ಲ. ಅಸಿಟಾಲ್ ಎಂಬ ಪ್ಲಾಸ್ಟಿಕ್‌ನ ಹಲಗೆಯಲ್ಲಿ ಮಾಡಿದರೆ ಈ ಕಾಟವಿಲ್ಲ. ಆದರೂ ಒಳಗೆ ನೀರು ಹೇಗೆ ಹರಿಯುತ್ತದೆಂದು ನೋಡುವ ಆಸೆಯಿಂದ ಮತ್ತೆ ಅಕ್ರಿಲಿಕ್‌ನಲ್ಲೇ ಮಾಡಿ, ಈ ಸಲ ಸಾಬೂನು ನೀರಿನಲ್ಲಿ ತೊಳೆದೆ. ಆ ಆಸೆಯಿಂದ ಮುಂದೆ ಲಾಭವೇ ಆಯಿತು.

ನೀರು ಸೋರದಂತೆ ತಡೆಯುವ ರಬ್ಬರ್ ಬಳೆಯಾದ ಓ-ರಿಂಗ್‌ನ ತೋಡನ್ನೂ ಇದೇ ಸಂದರ್ಭದಲ್ಲಿ ತಿದ್ದಿದೆ. 2 ಮಿ.ಮೀ. ದಪ್ಪದ ರಿಂಗ್‌ಗೆ ಹಿಂದಿನ ಮುಚ್ಚಳದಲ್ಲಿ 1.8 ಮಿ.ಮೀ. ಆಳ ಕೊಟ್ಟಿದ್ದೆ, ಅದು ಸರಿಯಾಗಿ ಅಮುಕುತ್ತಿರಲಿಲ್ಲ. ಈಗ ಆಳ 1.5, ಅಗಲ 2.7 ಮಿ.ಮೀ. ರಬ್ಬರ್ ಅಮುಕಿದಾಗ ಅದರ ಗಾತ್ರ ಕುಗ್ಗುವುದಿಲ್ಲ, ಪಕ್ಕಕ್ಕೆ ಉಬ್ಬುತ್ತದೆ. ಆದ್ದರಿಂದ ಅಗಲದಲ್ಲಿ ಆ ಜಾಗ ಬಿಡಲೇಬೇಕು. ಟಿಶ್ಯೂ ಕಾಗದದ ಮೇಲಿಟ್ಟು, ಪಂಪನ್ನು ಮಾತ್ರ ಓಡಿಸಿ 24 ಗಂಟೆ ಬಿಟ್ಟೆ. ಕಾಗದ ಒಣಗಿಯೇ ಇತ್ತು.

ದಿನ 10: ಗುಳ್ಳೆಗಳು ಹೇಳಿದ್ದು

ಎರಡನೆಯ ಬ್ಲಾಕ್‌ನ ಮೊದಲ ಫಲಿತಾಂಶ 20.1 ಡಿಗ್ರಿ. ಮೊದಲನೆಯದಕ್ಕಿಂತ ಮೂರು ಡಿಗ್ರಿ ಉತ್ತಮವೇನೋ ಹೌದು. ಆದರೆ ಸೀಳಿದ ಕಾಲುವೆಗಳಿಗೆ ಪಟ್ಟ ಶ್ರಮಕ್ಕೆ ಇದು ತೀರ ಕಡಿಮೆಯೆನಿಸಿತು, ನನ್ನ ಅಂದಾಜು ಹದಿನಾರರ ಆಸುಪಾಸಿನಲ್ಲಿತ್ತು. ಪೇಸ್ಟ್ ಬದಲಿಸಿದೆ, ತಳವನ್ನು ಗಾಜಿನ ಮೇಲೆ ಎಮರಿ ಕಾಗದವಿಟ್ಟು 400ರಿಂದ 1200ರವರೆಗೆ ಮತ್ತೆ ಉಜ್ಜಿದೆ. ಏನೂ ಬದಲಾಗಲಿಲ್ಲ.

ಉತ್ತರ ಸಿಕ್ಕಿದ್ದು ಪಂಪ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದ ಕ್ಷಣದಲ್ಲಿ. ಕೊಳವೆಯಲ್ಲಿ ಉಳಿದಿದ್ದ ಗಾಳಿ ಸಾಸಿವೆಯಷ್ಟು ಚಿಕ್ಕ ಗುಳ್ಳೆಗಳಾಗಿ ಬ್ಲಾಕ್‌ನೊಳಗೆ ಬಂದು, ಫಿನ್‌ಗಳ ತಲೆಯ ಮೇಲಿಂದಲೇ ಒಂದು ಬದಿಯಿಂದ ಇನ್ನೊಂದು ಬದಿಗೆ ಸರ್ರನೆ ಜಾರಿಹೋದವು. ಗುಳ್ಳೆ ಮೇಲಿರುವುದು ಸಹಜ. ಆದರೆ ಕಾಲುವೆಯಲ್ಲಿ ಸಿಕ್ಕಿಕೊಂಡಿದ್ದ ಒಂದೆರಡು ಗುಳ್ಳೆಗಳು ತೆವಳುತ್ತಿದ್ದಾಗ ಮೇಲಿನವು ಓಡುತ್ತಿದ್ದವು. ನೀರಿಗೂ ಅಲ್ಲಿ ಸಲೀಸಾದ ದಾರಿಯಿತ್ತು. ಫಿನ್‌ಗಳ ತಲೆ ಮುಚ್ಚಳಕ್ಕೆ ತಾಗಿ ಓ-ರಿಂಗ್ ಅಮುಕದೇ ಹೋದೀತೆಂಬ ಭಯದಿಂದ ಮುಚ್ಚಳದ ಹಳ್ಳವನ್ನು 3 ಮಿ.ಮೀ.ಗೆ ಬದಲು 3.6 ಮಿ.ಮೀ. ಆಳ ಮಾಡಿದ್ದು ನಾನೇ. ಆ 0.6 ಮಿ.ಮೀ. ಸಂದಿನಲ್ಲಿ ನೀರಿನ ಗಣನೀಯ ಪಾಲು ಕಾಲುವೆಗಿಳಿಯದೆ ದಾಟಿಹೋಗುತ್ತಿತ್ತು.

ತೆಳುವಾದ ಸಿಲಿಕೋನ್ ಹಾಳೆಯನ್ನು 30 ಮಿ.ಮೀ. ಚೌಕಕ್ಕೆ ಕತ್ತರಿಸಿ ಸಂದಿನಲ್ಲಿಟ್ಟು ಮುಚ್ಚಳ ಬಿಗಿದೆ. ಹರಿವು ಸ್ವಲ್ಪ ಇಳಿದು 3 ಲೀಟರ್‌ಗೆ 158 ಸೆಕೆಂಡಾಯಿತು. ಉಷ್ಣತೆಯ ವ್ಯತ್ಯಾಸ 16.9 ಡಿಗ್ರಿಗೆ ಬಂತು. ಮೂರು ಸಲ ಬಿಚ್ಚಿ ಕೂರಿಸಿದರೂ 16.5ರಿಂದ 17.2ರೊಳಗೇ ಇತ್ತು. ತಾಮ್ರದಿಂದ ಒಂದು ಚೂರೂ ತೆಗೆಯದೆ, ಒಂದು ರಬ್ಬರ್ ತುಂಡಿನಿಂದ ಮೂರು ಡಿಗ್ರಿ.

ಹಾಳೆಯ ನಡುವೆ 2 ಮಿ.ಮೀ. ಅಗಲದ ಸೀಳು ಮಾಡಿ, ನೀರು ಮೇಲಿಂದ ನೇರವಾಗಿ ಕಾಲುವೆಗಳ ಮಧ್ಯಕ್ಕೆ ಬಿದ್ದು ಎರಡೂ ಕಡೆಗೆ ಹರಿಯುವಂತೆಯೂ ನೋಡಿದೆ. 15.6 ಡಿಗ್ರಿ. ಲಾಭವಿದೆ, ಆದರೆ 1.1 ಡಿಗ್ರಿಯ ಆ ಹಳೆಯ ಅಂತರವನ್ನು ನೆನೆದಾಗ ಇದನ್ನು ದೊಡ್ಡದಾಗಿ ಹೇಳಿಕೊಳ್ಳಲಾರೆ.

ದಿನ 14ರಿಂದ ಈವರೆಗೆ: ಮೂರನೆಯದು

ಇಷ್ಟು ಕಿರಿದಾದ ಕಾಲುವೆಯಲ್ಲಿ ನೀರು ಸುಳಿಗಳಿಲ್ಲದೆ ಪದರ ಪದರವಾಗಿ ಹರಿಯುತ್ತದೆ. ಅಂಥ ಹರಿವಿನಲ್ಲಿ ಶಾಖವು ಗೋಡೆಯಿಂದ ನೀರಿನ ನಡುವಿಗೆ ದಾಟಬೇಕಾದ ದೂರವೇ ಮುಖ್ಯ ಅಡ್ಡಿ. ಕಾಲುವೆ ಕಿರಿದಾದಷ್ಟೂ ಅಡ್ಡಿ ಕಡಿಮೆ. 1981ರಲ್ಲಿ ಸ್ಟ್ಯಾನ್‌ಫರ್ಡ್‌ನ ಟಕರ್‌ಮನ್ ಮತ್ತು ಪೀಸ್ ಇದೇ ತರ್ಕವನ್ನು ಹಿಡಿದು ಸಿಲಿಕಾನ್‌ನಲ್ಲೇ 50 ಮೈಕ್ರಾನ್ ಅಗಲದ ಕಾಲುವೆಗಳನ್ನು ಕೊರೆದು, ಚದರ ಸೆಂಟಿಮೀಟರ್‌ಗೆ 790 ವ್ಯಾಟ್ ಶಾಖವನ್ನು 71 ಡಿಗ್ರಿಯ ಏರಿಕೆಯೊಳಗೆ ಹೊರಗೆಳೆದು ತೋರಿಸಿದ್ದರು. ನನ್ನ ಮೇಜಿನ ಮೇಲಿನದು ಚದರ ಸೆಂಟಿಮೀಟರ್‌ಗೆ 17 ವ್ಯಾಟ್. ಹೋಲಿಕೆಯ ಮಾತಲ್ಲ, ದಿಕ್ಕು ಅದೇ ಎಂಬುದಷ್ಟೇ.

ಮೂರನೆಯ ಬ್ಲಾಕ್‌ಗೆ 0.5 ಮಿ.ಮೀ. ಚಕ್ರಗರಗಸ ಹಾಕಿದ್ದೇನೆ: 0.5 ಕಾಲುವೆ, 0.5 ಫಿನ್, ಒಟ್ಟು 30 ಕಾಲುವೆಗಳು. ತಳವನ್ನು ಎಷ್ಟು ತೆಳುವಾಗಿಸಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ನನ್ನ ಗಟ್ಟಿ 30 ಮಿ.ಮೀ. ಉದ್ದಗಲಕ್ಕೂ ಸಮನಾಗಿ ಶಾಖ ಕೊಡುತ್ತದಾದ್ದರಿಂದ ಅದರ ಮೇಲೆ ತೆಳು ತಳವೇ ಯಾವಾಗಲೂ ಗೆಲ್ಲುತ್ತದೆ. ನಿಜವಾದ ಪ್ರೊಸೆಸರ್‌ನಲ್ಲಿ ಶಾಖ ಹುಟ್ಟುವುದು ಅದಕ್ಕಿಂತ ಬಹಳ ಚಿಕ್ಕ ಜಾಗದಲ್ಲಿ. ಅಲ್ಲಿ ದಪ್ಪ ತಳ ಶಾಖವನ್ನು ಹೊರ ಅಂಚಿನ ಫಿನ್‌ಗಳವರೆಗೆ ಹರಡಿ ಕೊಡುತ್ತದೆ. ಆದ್ದರಿಂದ 15 ಮಿ.ಮೀ. ಚೌಕದ ತುದಿಯಿರುವ ಇನ್ನೊಂದು ಗಟ್ಟಿಯನ್ನು ಮಾಡಿಕೊಂಡು, ಎರಡನೆಯ ಬ್ಲಾಕನ್ನು ಅದರ ಮೇಲೂ ಅಳೆದ ನಂತರವೇ ತಳಕ್ಕೆ ಕೈ ಹಾಕುತ್ತೇನೆ.

ಸದ್ಯಕ್ಕೆ 11 ಕಾಲುವೆಗಳು ಮುಗಿದಿವೆ. ತಾಮ್ರ ಗರಗಸಕ್ಕೆ ಅಂಟುವ ಲೋಹ. ಮೊದಲ ಎಂಟು ಕಾಲುವೆಗಳವರೆಗೆ ಸೀಮೆಎಣ್ಣೆ ಸಾಕಾಯಿತು. ಒಂಬತ್ತನೆಯದರಲ್ಲಿ ಹಲ್ಲುಗಳ ನಡುವೆ ಸಿಕ್ಕಿದ ಚೂರೊಂದು ಬೆಸುಗೆಯಂತೆ ಹತ್ತಿಕೊಂಡು, ಪಕ್ಕದ ಫಿನ್ ಅನ್ನು ಹಾಳೆಯಂತೆ ಮಡಿಸಿತು. ಯಂತ್ರ ನಿಲ್ಲಿಸಿ, ಸಂದು ಅಳೆಯುವ ಫೀಲರ್ ಗೇಜ್‌ನ 0.5 ಮಿ.ಮೀ. ಅಲಗನ್ನು ಕಾಲುವೆಯೊಳಗೆ ಇಳಿಸಿ ಆ ಫಿನ್ ಅನ್ನು ಮೆಲ್ಲನೆ ನೆಟ್ಟಗೆ ಮಾಡಿದೆ. ನಡುವಿನಲ್ಲಿ ಸಣ್ಣ ಸೊಟ್ಟ ಉಳಿದಿದೆ, ನೀರು ದಾಟುತ್ತದೆ. ಹತ್ತನೆಯದರಿಂದ ಆಳವನ್ನು ಒಂದೇ ಸಲಕ್ಕೆ ಇಳಿಸದೆ ಮೂರು ಸಲಕ್ಕೆ ಇಳಿಸಿ, ಪ್ರತಿ ಸಲವೂ ಹಲ್ಲುಗಳನ್ನು ಬ್ರಷ್‌ನಿಂದ ಉಜ್ಜುತ್ತಿದ್ದೇನೆ. ಹೀಗೆ ಒಂದು ಕಾಲುವೆಗೆ ಇಪ್ಪತ್ತು ನಿಮಿಷ ಹಿಡಿಯುತ್ತಿದ್ದು, ಇನ್ನೂ 19 ಬಾಕಿ ಇವೆ.